ಬಾಣ ಎಲ್ಲಿಗೆ

ಹಲಗೆಯ ಮೇಲೆ ಬರೆದಿದ್ದೆ: ಬಿಳಿಜೋಳ.
ಅಲ್ಲಿಂದ ಇಲಿಗೆ ಒಂದು ಬಾಣ,
ಇಲಿಯಿಂದ ಗೂಗೆಗೆ ಇನ್ನೊಂದು.
ಮೊನೆ ತಿನ್ನುವವರ ಕಡೆಗಿರಲಿ,
ತಿರುಗಿಸಿ ಬರೆದರೆ ಅಂಕ ಹೋಗುತ್ತದೆ ಎಂದಿದ್ದೆ,
ಹದಿನೆಂಟು ವರ್ಷದಿಂದ ಎನ್ನುವಂತೆಯೇ.

ಮರುದಿನ ಮಾಲನಬಿ ಓಢಣಿಯ ತುದಿಗೆ
ಗಂಟು ಹಾಕಿ ತಂದಳು ಏಳು ಉಂಡೆ.
ಹುಡೇವಿನ ಬುಡದಲ್ಲಿ ಬಿದ್ದಿದ್ದವಂತೆ,
ಕರ್ರಗೆ, ಹೆಬ್ಬೆರಳಿನ ಗಾತ್ರ.
"ಗೂಗಿ ಹೇತದ್ದೇನ್ರಿ ಟೀಚರ್?"
ನಗುವವರು ನಕ್ಕರು.
ಹೇತದ್ದಲ್ಲವೇ, ಉಗುಳಿದ್ದು.
ಇಡೀ ಇಲಿ ನುಂಗಿ, ಮಾಂಸ ಇಟ್ಟುಕೊಂಡು,
ಕೂದಲು ಎಲುಬು ನನಗೆ ಒಲ್ಲೆ ಎಂದದ್ದು.

ತೆಂಗಿನ ಚಿಪ್ಪಿನಲ್ಲಿ ನೀರು, ಕೈವಾರದ ಮುಳ್ಳು.
ಡೋಣಿ ದಂಡೆಯ ನಮ್ಮ ಶಾಲೆಗೆ ಇದೇ ಪ್ರಯೋಗಾಲಯ.
ಬಿಡಿಸಿದಂತೆ ಹೊರಬಂತು
ನುಚ್ಚಿನಂಥ ಹಲ್ಲು ಕಚ್ಚಿದ ದವಡೆ,
ಸೂಜಿಗೂ ನಾಚಿಕೆಯಾಗುವ ಪಕ್ಕೆಲುಬು,
ಒಂದರಲ್ಲಿ ಸುಂಡಿಲಿಯ ಚೂಪು ಮೂತಿ.
ಆರು ಉಂಡೆಗೆ ಹದಿನೇಳು ತಲೆ.

ಗೊಲ್ಲಾಳ ಬೆರಳು ಮಡಿಚಿ ಎಣಿಸುತ್ತಿದ್ದವನು
ನಡುವೆ ನಿಂತ.
"ಹ್ವಾದ ವರ್ಷ ನಮ್ಮ ಕಾಕಾ ಹುಡೇದಾಗ ಹೊಗಿ ಹಾಕಿ
ಎರಡು ಗೂಗಿ ಓಡಿಸಿದಾರಿ. ಕಲ್ಲೂ ಬಡದಾ.
ಅಪಶಕುನ ಅಂತ."
ಹೋದ ವರ್ಷವೇ ತಾನೆ
ಎರೆ ಹೊಲದ ಬಿರುಕು ಬಿರುಕಿನಲ್ಲೂ ಇಲಿ,
ಬಿಲ ಅಗೆದು ತೆನೆ ತೆಗೆದವರು
ಚಹಾದ ಅಂಗಡಿಯಲ್ಲಿ ಚೀಲದ ಲೆಕ್ಕ ಹೇಳಿದ್ದು.
ಆ ಮಾತು ಈ ಮಾತು ಒಂದೇ ಓಣಿಯಲ್ಲಿದ್ದೂ
ಒಂದಕ್ಕೊಂದು ಭೇಟಿಯಾಗಿರಲಿಲ್ಲ.

ಮಾಲನಬಿ ಹಲಗೆಯನ್ನೇ ನೋಡುತ್ತಿದ್ದಳು.
"ಗೂಗಿಯಿಂದ ಬಾಣ ಎಲ್ಲಿಗ್ರಿ?"
ಎಲ್ಲಿಗೂ ಇಲ್ಲ, ಅದೇ ತುದಿ.
"ಮತ್ತ ಉಗುಳಿದ್ದು?"
ಗಂಟೆ ಬಾರಿಸಿತು. ನನಗೆ ಹಾಯೆನಿಸಿತು.

ಏಳನೆಯದನ್ನು ಬಿಸ್ಕೀಟಿನ ಡಬ್ಬಿಗೆ ಹಾಕಿ
ಕಪಾಟಿನಲ್ಲಿಟ್ಟು ಮರೆತೆ.
ದೀಪಾವಳಿ ಬಂತು, ಗಣತಿಯ ಕೆಲಸ ಬಂತು,
ಸೀತನಿ ಸುಡುವ ಹೊಗೆ ಊರ ಮೇಲೆ ನಿಂತಿತು.
ಒಂದು ದಿನ ಸುಣ್ಣದ ಕಡ್ಡಿ ಹುಡುಕುತ್ತ
ಡಬ್ಬಿ ತೆರೆದರೆ
ಉಂಡೆ ಇಲ್ಲ.
ತೊಳೆದಿಟ್ಟಂಥ ಎಲುಬು,
ಕೂದಲು ನೇಯ್ದ ಪುಟ್ಟ ಪುಟ್ಟ ಕೊಳವೆ, ಒಂದೆರಡು
ತಲೆ ಹೊರಗೆ ಹಾಕಿ ನಡೆಯುತ್ತಿವೆ,
ಮತ್ತು ರೊಟ್ಟಿ ಹಿಟ್ಟಿನ ಬಣ್ಣದ ಪತಂಗಗಳು
ನನ್ನ ಕನ್ನಡಕದ ಮೇಲೆ, ಹುಡುಗರ ತಲೆಯ ಮೇಲೆ.
ಯಾರಿಗೂ ಬೇಡವಾದದ್ದನ್ನು ಹೊಟ್ಟೆತುಂಬ ಉಂಡು
ರೆಕ್ಕೆ ಮಾಡಿಕೊಂಡಿದ್ದವು.

ಗೋಡೆಯ ನಕಾಶೆಯ ಹಿಂದಿನಿಂದ ಹಲ್ಲಿ ಬಂತು.
ಬೀದರ ಇಳಿದು, ಕಲಬುರ್ಗಿ ದಾಟಿ,
ನಮ್ಮ ಜಿಲ್ಲೆಯ ಮೇಲೆ ಒಂದು ಕ್ಷಣ ಉಸಿರು ಹಿಡಿದು
ಲಬಕ್ಕನೆ.

ಮಾಲನಬಿ ಕೇಳದೆ ಎದ್ದಳು, ಕೇಳದೆ ಸುಣ್ಣದ ಕಡ್ಡಿ ತಗೊಂಡಳು.
ಗೂಗೆಯಿಂದ ಪತಂಗಕ್ಕೆ, ಪತಂಗದಿಂದ ಹಲ್ಲಿಗೆ.
"ಬೆಕ್ಕು!" ಎಂದರು ಹಿಂದಿನ ಬೆಂಚಿನವರು.
ಎಲುಬನ್ನು ಮಣ್ಣಿಗಿಳಿಸಿದಳು, ಮಣ್ಣಿಂದ ಜೋಳಕ್ಕೆ ಏರಿಸಿದಳು,
"ಕುರಿ ಕೂಡ್ರಿಸಿದ್ದು ಹಾಕು, ನಮ್ಮವು" ಎಂದ ಗೊಲ್ಲಾಳ,
ಕುರಿಯ ಬೆನ್ನಿನ ಮೇಲೆ ಕಾಜಾಣ ಬಂದು ಕೂತಿತು,
ಹಲಗೆ ತೀರಿತು.
ಹೊಸದಾಗಿ ಸುಣ್ಣ ಬಳಿದ ಗೋಡೆಗೆ
ಇದ್ದಲು ಹಿಡಿದು ಹೊರಟಳು. ನಾನು ತಡೆಯಲಿಲ್ಲ.
ಕೊನೆಯ ಬಾಣ ಚೌಕಟ್ಟು ದಾಟಿ
ಅಂಗಳದ ಬಿಸಿಲಿಗೆ ಮೂತಿ ಮಾಡಿತ್ತು.
ಗೋಡೆ ಕೆಡಿಸಿದ್ದು ಯಾರು ಎಂದು ಹೆಡ್‌ಮಾಸ್ತರರು ಕೇಳಿದರು.
ನನ್ನ ಹೆಸರು ಬರೆದುಕೊಳ್ಳಿ ಎಂದೆ.

ಹುಡೇವಿನ ಕಿಂಡಿಯ ಕಲ್ಲು ಯಾರೋ ಕಿತ್ತಿದ್ದಾರೆ.
ಗೊಲ್ಲಾಳನ ಹೆಬ್ಬೆರಳಿಗೆ ಬಟ್ಟೆ ಸುತ್ತಿದೆ.
ನಾನು ಕೇಳಿಲ್ಲ.

ಆ ರಾತ್ರಿ ರೊಟ್ಟಿ ಬಡಿಯುತ್ತಿದ್ದೆ.
ಹೆಂಚಿನ ಮೇಲೆ ಉಬ್ಬಿದ್ದನ್ನು ತಟ್ಟೆಗೆ ಹಾಕಿ
ಒಂದು ತುತ್ತು ಮುರಿದೆ.
ಜೋಳದಿಂದ ನನಗೆ, ಸರಿ.
ನನ್ನಿಂದ ಎಲ್ಲಿಗೆ?
ಗಂಟೆ ಬಾರಿಸಲು ಮನೆಯಲ್ಲಿ ಯಾರೂ ಇರಲಿಲ್ಲ.